ಹೂಂಗುಟ್ಟುವ ಕೆಲಸ

ಶಿರಾದ ನಿಯಾಜ್ ಅಹಮದನನ್ನು ಆ ಶನಿವಾರ ಹಾಳುಮಾಡಿದ್ದು ಒಂದೇ ಒಂದು ಅಕ್ಷರ. ಅದನ್ನು ಅಕ್ಷರ ಎನ್ನುವುದೂ ಕಷ್ಟವೇ. ಬಾಯಿ ತೆರೆಯದೆ, ತುಟಿ ಅಲ್ಲಾಡಿಸದೆ, ಮೂಗಿನಿಂದಲೇ ಹೊರಡಿಸಬಹುದಾದ ಸದ್ದು ಅದು. 'ಹೂಂ'.

ಆ ಸದ್ದನ್ನು ಕೆಲಸವಾಗಿ ಮಾಡಿಕೊಳ್ಳಬಹುದೆಂದು ಅವನಿಗೆ ಹೇಳಿಕೊಟ್ಟವರು ಮೈಸೂರಿನ ಪ್ರೊಫೆಸರ್ ಮಲ್ಲಿಕಾರ್ಜುನಯ್ಯ. ಹೊಸ ಪಂಚಾಯ್ತಿ ಕಾಯಿದೆ ಬಂದು ಹಳ್ಳಿಹಳ್ಳಿಯಲ್ಲೂ ಎಲೆಕ್ಷನ್ನಿನ ಗಾಳಿ ಬೀಸುತ್ತಿದ್ದ ಕಾಲ. ಹಳ್ಳಿಯವರು ಓಟು ಹಾಕುವಾಗ ಮನಸ್ಸಿನಲ್ಲಿ ಏನೇನು ನಡೆಯುತ್ತದೆ ಎಂದು ಅವರ ಬಾಯಿಂದಲೇ ಕೇಳಿ ತಿಳಿಯಬೇಕೆಂದು ಪ್ರೊಫೆಸರು ಹೊರಟಿದ್ದರು. ಅಂಕಿ ಅಂಶ ಎಂದರೆ ಅವರಿಗೆ ಮುಖ ಹುಳ್ಳಗಾಗುತ್ತಿತ್ತು.

"ಎಷ್ಟು ಓಟು ಬಿತ್ತು ಅನ್ನೋದನ್ನ ಗುಮಾಸ್ತನೂ ಎಣಿಸ್ತಾನೆ. ಯಾಕೆ ಬಿತ್ತು ಅನ್ನೋದನ್ನ ಜಗಲಿ ಮೇಲೆ ಕೂತೇ ಕೇಳಬೇಕು. ಇದಕ್ಕೆ ಗುಣಾತ್ಮಕ ಸಂಶೋಧನೆ ಅಂತಾರೆ," ಎಂದು ನಿಯಾಜನಿಗೆ ಪಾಠ ಹೇಳಿದ್ದರು. "ಕೇಳುವಾಗ ಬರೀಬೇಡ. ಪೆನ್ನು ಕಂಡ್ರೆ ರೈತ ತಾಲ್ಲೂಕು ಕಚೇರಿಗೆ ಬಂದವನ ಹಾಗೆ ಮಾತಾಡ್ತಾನೆ. ಹೌದು ಅನ್ನಬೇಡ, ಅಲ್ಲ ಅನ್ನಬೇಡ, ಬುದ್ಧಿ ಹೇಳಬೇಡ. ಒಬ್ಬನ ಮಾತು ಇನ್ನೊಬ್ಬನ ಕಿವಿಗೆ ಹಾಕಿದೆಯೋ, ನಿನ್ನ ಕೆಲಸ ಅಲ್ಲಿಗೆ ಮುಗೀತು. ನೀನು ಹೋಗೋ ಮೊದಲು ಊರು ಹೇಗಿತ್ತೋ ಬಂದ ಮೇಲೂ ಹಾಗೇ ಇರಬೇಕು."

"ಸುಮ್ಮನೆ ಕೂತಿದ್ರೆ ಅವರು ಮಾತು ನಿಲ್ಲಿಸಿಬಿಡ್ತಾರಲ್ಲ ಸಾರ್?"

"ನಿಮ್ಮಜ್ಜಿ ಕತೆ ಹೇಳುವಾಗ ಏನು ಮಾಡ್ತಿದ್ದೆ?"

"ಹೂಂ ಅಂತಿದ್ದೆ."

"ಅಷ್ಟೇ ಮಾಡು."

ಅಷ್ಟೇ ಮಾಡಲು ಬಿ.ಎ. ಯಾಕೆ ಬೇಕಿತ್ತೆಂದು ನಿಯಾಜನಿಗೆ ಅನ್ನಿಸದಿರಲಿಲ್ಲ. ಆದರೆ ಬಿ.ಎ. ಮುಗಿಸಿ ಮನೆಯ ಹಜಾರದಲ್ಲಿ ಕೂತು ಕೂತು ಅವನಿಗೆ ಬೇಸರ ಬಂದಿತ್ತು. ಅದಕ್ಕಿಂತ ಹೆಚ್ಚಾಗಿ, ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಖಲೀಲುಲ್ಲಾ ಸಾಹೇಬರಿಗೆ ಬೇಸರ ಬಂದಿತ್ತು. ಅವರ ಮಗಳು ಜಮೀಲಾಳನ್ನು ನಿಯಾಜನಿಗೆ ಕೊಡುವ ಮಾತು ಹುಟ್ಟಿ ಎಷ್ಟೋ ಕಾಲವಾಗಿ, ಈಗ ಆ ಮಾತಿನ ಮೇಲೆ ಧೂಳು ಕೂರುತ್ತಿತ್ತು.

"ದೇಖೋ ಬೇಟಾ," ಎಂದಿದ್ದರು ಖಲೀಲುಲ್ಲಾ, ಗಜಕಡ್ಡಿಯಿಂದ ಬೆನ್ನು ಕೆರೆದುಕೊಳ್ಳುತ್ತ. "ಕೊರಟಗೆರೆ ಬಸ್ ಏಜೆಂಟರ ಮನೆಯಿಂದ ಹೆಣ್ಣು ಕೇಳಿ ಪೈಗಾಮ್ ಬಂದಿದೆ. ಹುಡುಗ ಟಿಕೆಟ್ ಹರೀತಾನೆ. ಅದು ಕೆಲಸ. ಹೂಂ ಅನ್ನೋದು ಯಾವ ಕೆಲಸ? ನಿಮ್ಮ ಪ್ರೊಫೆಸರ್ ಕೆಲಸದ ಆರ್ಡರ್ ಕೊಟ್ಟರೆ ತಗೊಂಡು ಬಾ, ನಿಕಾಹ್ ಮಾತಾಡೋಣ. ಇಲ್ಲಾಂದ್ರೆ ನನ್ನನ್ನ ದೂರಬೇಡ."

ಪ್ರೊಫೆಸರೋ, ಮೊದಲ ಹಳ್ಳಿಯ ಕೆಲಸ ಕಣ್ಣಾರೆ ನೋಡದೆ ಆರ್ಡರ್ ಇಲ್ಲ ಎಂದಿದ್ದರು. ಆ ಮೊದಲ ಹಳ್ಳಿ ನೆಗ್ಗಿಲಕುಂಟೆ. ಆ ನೋಡುವ ದಿನ ಈ ಶನಿವಾರ. ಬೆಳಿಗ್ಗೆ ನಿಯಾಜ್ ಹೋಗಿ ಊರಿನವರ ಮಾತು ಕೇಳುವುದು, ಸಂಜೆ ಪ್ರೊಫೆಸರು ಜೀಪಿನಲ್ಲಿ ಬಂದು ಪರೀಕ್ಷಿಸುವುದು ಎಂದು ನಿಗದಿಯಾಗಿತ್ತು.

ಕಳ್ಳಂಬೆಳ್ಳದಲ್ಲಿ ಬಸ್ಸಿಳಿದು ಕೆರೆ ಏರಿಯ ಮೇಲೆ ನಡೆಯುತ್ತ ನಿಯಾಜ್ ದಾರಿಯುದ್ದಕ್ಕೂ ಹೂಂ, ಹೂಂ ಎಂದು ಅಭ್ಯಾಸ ಮಾಡಿದ. ಹುಲ್ಲು ಮೇಯುತ್ತಿದ್ದ ಒಂದು ಎಮ್ಮೆ ತಲೆಯೆತ್ತಿ ಅವನನ್ನೇ ನೋಡಿತು.

ನೆಗ್ಗಿಲಕುಂಟೆಯಲ್ಲಿ ಎರಡು ಪಾರ್ಟಿ. ಒಂದಕ್ಕೆ ಪಾಲಪ್ಪ, ಇನ್ನೊಂದಕ್ಕೆ ಓಬಳಯ್ಯ. ಇಬ್ಬರೂ ಪಂಚಾಯ್ತಿಗೆ ನಿಲ್ಲುತ್ತೇವೆಂದು ಹಟ ಹಿಡಿದಿದ್ದರು. ಅರ್ಜಿ ಹಾಕುವುದಕ್ಕೆ ಇನ್ನೂ ದಿನವಿದ್ದರೂ ಊರು ಆಗಲೇ ಬೇವಿನ ಕಟ್ಟೆಯ ಈ ಕಡೆ ಆ ಕಡೆ ಎಂದು ಸೀಳಿಹೋಗಿತ್ತು. ವಿಶೇಷವೆಂದರೆ ಇಬ್ಬರೂ ಭಾವ ಮೈದುನ. ಓಬಳಯ್ಯನ ಅಕ್ಕ ಅಂಜಿನಮ್ಮನೇ ಪಾಲಪ್ಪನ ಹೆಂಡತಿ. ಹಿಂದೊಮ್ಮೆ ಕಂದಾಯದ ಷೇಕ್ದಾರರು ಊರಿಗೆ ಬಂದಾಗ ಅವರ ಪಕ್ಕ ಹಾಕಿದ್ದ ಒಂದೇ ಕುರ್ಚಿಯಲ್ಲಿ ಯಾರು ಕೂರಬೇಕೆಂದು ಶುರುವಾದ ಜಗಳ, ಈಗ ಅಂಜಿನಮ್ಮ ಎರಡು ಬೀದಿಯಾಚೆಯ ತವರಿಗೆ ಹೋಗದಿರುವವರೆಗೆ ಬೆಳೆದಿತ್ತು.

ಊರ ಬಾಗಿಲಲ್ಲೇ ಮೊದಲ ಜಗಲಿ ಕದರಮ್ಮನದು. ಮುದುಕಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದಳು. ಅವಳ ಕಿವಿಗೆ ಬಿದ್ದದ್ದು ಊರಿನ ಕಿವಿಗೆ ಬಿತ್ತು ಎಂದೇ ಲೆಕ್ಕ. ಪಾಪ, ನಿಯಾಜನಿಗೆ ಇದು ತಿಳಿದಿರಲಿಲ್ಲ.

"ಯಾರಪ್ಪ ನೀನು?"

"ಶಿರಾದೋನು ಅಜ್ಜಿ. ಎಲೆಕ್ಷನ್ ವಿಷಯ ಊರಿನೋರ ಮಾತು ಕೇಳೋಕೆ ಬಂದಿದ್ದೀನಿ."

"ಗೌರ್ಮೆಂಟ್ ಕಡೆಯಿಂದ ಬಂದಿದ್ದೀಯಾ ಅನ್ನು."

ಅಲ್ಲ ಎನ್ನಲು ನಿಯಾಜ್ ಬಾಯಿ ತೆರೆದ. ಅಷ್ಟರಲ್ಲಿ ಪ್ರೊಫೆಸರ ಮುಖ ಕಣ್ಣಮುಂದೆ ಬಂತು. ಅಲ್ಲ ಅನ್ನಬೇಡ. ತೆರೆದ ಬಾಯಿ ಮುಚ್ಚಿಕೊಂಡು ಮೂಗಿನಿಂದ, "ಹೂಂ," ಎಂದ.

ಪ್ರೊಫೆಸರು ಹೇಳಿದ್ದು ಸುಳ್ಳಾಗಲಿಲ್ಲ. ಹೂಂ ಎಂದದ್ದೇ ತಡ, ಕದರಮ್ಮ ಕೆರೆ ಕೋಡಿ ಹರಿದಂತೆ ಮಾತಾಡತೊಡಗಿದಳು. ಪಾಲಪ್ಪನ ಕೋಪ, ಓಬಳಯ್ಯನ ಬಿಗುಮಾನ, ಸೊಸೆಯ ಸೋಮಾರಿತನ, ತನ್ನ ಮಂಡಿನೋವು ಎಲ್ಲವೂ ಬಂತು. ನಿಯಾಜ್ ಕಣ್ಣು ಅರ್ಧ ಮುಚ್ಚಿ, ಒಂದು ಮಾತೂ ಮರೆಯದ ಹಾಗೆ ತಲೆಯಲ್ಲಿ ಪೋಣಿಸಿಕೊಳ್ಳುತ್ತ, ಸಮಯ ನೋಡಿ ಹೂಂ ಹೂಂ ಎನ್ನುತ್ತಿದ್ದ.

"ಸೇದೋ ಬಾವಿಗೆ ರಾಟೆ ಇಲ್ಲ ಕಣಪ್ಪ. ಈ ವಯಸ್ಸಲ್ಲಿ ಕೈಯಲ್ಲಿ ಹಗ್ಗ ಎಳೀಬೇಕು. ನೀನು ಹಾಕುಸ್ಕೊಡ್ತೀಯ ಅಲ್ವಾ?"

"ಹೂಂ."

ಕದರಮ್ಮ ಹುಣಸೆಹಣ್ಣಿನ ಮೊರ ಪಕ್ಕಕ್ಕಿಟ್ಟು ಎದ್ದಳು. ನಿಯಾಜ್ ಮೊದಲ ಮಾತುಕತೆ ಇಷ್ಟು ಸಲೀಸಾಗಿ ಮುಗಿಯಿತಲ್ಲ ಎಂದು ಸಂತೋಷಪಡುತ್ತ ಪಾಲಪ್ಪನ ಮನೆಯ ಕಡೆ ಹೆಜ್ಜೆ ಹಾಕಿದ. ಅವನ ಹಿಂದೆ ಮುದುಕಿ ಮನೆ ಮನೆಗೆ ಹೋಗಿ, ಹೂಂ ಅನ್ನುವ ಗೌರ್ಮೆಂಟಿನವನೊಬ್ಬ ಜೀವಮಾನದಲ್ಲಿ ಮೊದಲ ಸಲ ಊರಿಗೆ ಬಂದಿದ್ದಾನೆಂದು ಸಾರುತ್ತಿದ್ದುದು ಅವನಿಗೆ ಕಾಣಲಿಲ್ಲ.

ಪಾಲಪ್ಪ ಅಂಗಳದಲ್ಲಿ ಗುದ್ದಲಿಗೆ ಕಾವು ಕೂರಿಸುತ್ತಿದ್ದ. ಗಟ್ಟಿ ಆಳು, ಗಟ್ಟಿ ದನಿ. ನಿಯಾಜನನ್ನು ಚಾಪೆಯ ಮೇಲೆ ಕೂರಿಸಿ, ಬೀದಿಗೆಲ್ಲ ಕೇಳುವ ಹಾಗೆ ತನ್ನ ಪಾರ್ಟಿಯ ಬಲ ವರ್ಣಿಸಿದ.

"ಬಡಗಲ ಬೀದಿ ಪೂರ್ತಿ ನಮ್ದು. ಓಬಳಯ್ಯಂಗೆ ಅವನ ಹೆಂಡ್ತಿ ಓಟು ಬಿದ್ರೆ ಹೆಚ್ಚು. ಗೆಲ್ಲೋನು ನಾನೇ ಅಂತ ಮೇಲಿನೋರಿಗೂ ಗೊತ್ತಾಗಿರ್ಬೇಕಲ್ಲ ಸಾಬ್ರೇ?"

"ಹೂಂ."

ಪಾಲಪ್ಪನ ಕೈಯಲ್ಲಿದ್ದ ಗುದ್ದಲಿ ನಿಂತಿತು. ಅವನು ನಿಯಾಜನನ್ನು ಎವೆಯಿಕ್ಕದೆ ನೋಡಿದ. ಆಮೇಲೆ ಒಳಗೆ ರಾಗಿ ಬೀಸುತ್ತಿದ್ದ ಹೆಂಡತಿಗೆ, "ಲೇ, ಹಿತ್ತಲ ಮನೆಯಿಂದ ಮಜ್ಜಿಗೆ ತಗಂಬಾ," ಎಂದು ಕೂಗಿದ. ಅಂಜಿನಮ್ಮ ಹೊರಟ ಮೇಲೆ ದನಿ ತಗ್ಗಿಸಿ ಹತ್ತಿರ ಸರಿದ.

"ನೀನು ಒಬ್ಬರ ಮಾತು ಇನ್ನೊಬ್ಬರಿಗೆ ಹೇಳಲ್ಲ ತಾನೆ? ಕೇಳು. ನಂಗೆ ಈ ಪಂಚಾಯ್ತಿ ಗೀಂಚಾಯ್ತಿ ಬ್ಯಾಡ ಕಣಪ್ಪ. ಆಫೀಸರ ಮುಂದೆ ನಿಂತ್ರೆ ನನ್ನ ನಾಲಿಗೆ ಹೊರಳಲ್ಲ. ಓಬಳಯ್ಯ ನಿಂತ್ರೇನೇ ಊರಿಗೆ ಒಳ್ಳೇದು, ಅವನು ನಾಲ್ಕಕ್ಷರ ಬಲ್ಲ. ಆದ್ರೆ ಈಗ ಹಿಂದಕ್ಕೆ ಬಂದ್ರೆ ಪಾಲಪ್ಪ ಹೆದರ್ಕೊಂಡ ಅಂತಾರೆ. ನಮ್ಮೋಳು ದಿನಾ ತವರಿನ ದಾರಿ ನೋಡ್ತಾಳೆ. ನೋಡಕ್ಕಾಗಲ್ಲ."

ನಿಯಾಜನಿಗೆ ಅಯ್ಯೋ ಅನ್ನಿಸಿತು. ಹಾಗೆ ಅನ್ನಿಸಿದ್ದನ್ನು ಹೇಳುವಂತಿರಲಿಲ್ಲ. "ಹೂಂ," ಎಂದು ಎದ್ದು, ಮಜ್ಜಿಗೆ ಬರುವ ಮೊದಲೇ ಹೊರಟ.

ಓಬಳಯ್ಯ ಊರ ಕೆಳಗಿನ ತೋಟದಲ್ಲಿ ಕಪಿಲೆ ಹೊಡೆಯುತ್ತಿದ್ದ. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಬಾವಿಯಿಂದ ನೀರು ಬರುತ್ತದೆ, ಹತ್ತಿದರೆ ಚರ್ಮದ ಚೀಲ ಮತ್ತೆ ಬಾವಿಗಿಳಿಯುತ್ತದೆ. ಅವನು ಎತ್ತು ನಿಲ್ಲಿಸುವವನಲ್ಲ. ಹೀಗಾಗಿ ನಿಯಾಜ್ ಕೂಡ ಎತ್ತುಗಳ ಜೊತೆಗೇ ಇಳಿದು, ಎತ್ತುಗಳ ಜೊತೆಗೇ ಹಿಮ್ಮುಖವಾಗಿ ಹತ್ತುತ್ತ, ಏದುಸಿರಿನ ನಡುವೆ ಹೂಂ ಹಾಕಬೇಕಾಯಿತು.

"ತೆಂಕಲ ಬೀದಿ ನಂದು. ಈ ಸಲ ಬರೋನು ನಾನೇ. ನಿಮ್ಗೂ ಹಂಗೇ ಅನ್ಸುತ್ತಲ್ವಾ ಸಾಬ್ರೇ?"

"ಹೂಂ."

ಮುಂದಿನ ಸಲ ಹತ್ತುವಾಗ ಓಬಳಯ್ಯನ ಮಾತು ಬದಲಾಗಿತ್ತು. "ಯಾರಿಗೂ ಹೇಳ್ಬ್ಯಾಡಿ. ಭಾವ ನಂಗೆ ಅಪ್ಪ ಇದ್ದಂಗೆ. ನೇಗಿಲು ಹಿಡಿಯೋಕೆ ಕಲ್ಸಿದ್ದೇ ಅವನು. ಗೌರಿ ಹಬ್ಬಕ್ಕೆ ಅಕ್ಕಂಗೆ ಸೀರೆ ತಂದೆ. ಕೊಡೋಕೆ ಮೊಕ ಇಲ್ದೆ ಪೆಟ್ಟಿಗೇಲಿ ಮಡಗಿವ್ನಿ. ನನ್ನ ಪಾರ್ಟಿಯೋರು ಬುಡಬೇಕಲ್ಲ. ಸೀರೆ ಕೊಟ್ಟೆ ಅಂದ್ರೆ ಓಟು ಕೊಟ್ಟೆ ಅಂತಾರೆ."

ಇಬ್ಬರ ಹೊಟ್ಟೆಯೊಳಗಿನ ಮಾತೂ ಈಗ ನಿಯಾಜನ ಹೊಟ್ಟೆಯೊಳಗಿತ್ತು. ಒಂದೇ ಒಂದು ವಾಕ್ಯ ಆಡಿದರೆ ಜಗಳ ಮುಗಿಯುತ್ತದೆ, ಅದೇ ವಾಕ್ಯ ಆಡಿದರೆ ಅವನ ಕೆಲಸವೂ ಮುಗಿಯುತ್ತದೆ. ಜಮೀಲಾ ಕೊರಟಗೆರೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಹೋಗುತ್ತಿರುವಂತೆ ಕಂಡಿತು. ನಾಲಿಗೆ ಕಚ್ಚಿಕೊಂಡ.

ಆಗಲೇ ಊರಿನ ಕಡೆಯಿಂದ ತಮಟೆ ಸದ್ದು ಕೇಳಿಸಿತು. ತೋಟದ ಬದುವಿನ ಮೇಲೆ ಬುತ್ತಿ ಹೊತ್ತು ಹೋಗುತ್ತಿದ್ದ ಹೆಂಗಸನ್ನು ಓಬಳಯ್ಯ ವಿಚಾರಿಸಿದ.

"ನಿಂಗೆ ಗೊತ್ತಿಲ್ವಾ? ಗೌರ್ಮೆಂಟಿನ ಸಾಬ್ರು ಪಾಲಪ್ಪಂಗೆ ಹೂಂ ಅಂದ್ರಂತೆ. ಗೆಲ್ಲೋದು ಗ್ಯಾರಂಟಿ ಅಂತ ತಮಟೆ ಹೊಡುಸ್ತಾವ್ರೆ."

ಓಬಳಯ್ಯನ ಜೀವಮಾನದಲ್ಲಿ ಮೊದಲ ಬಾರಿಗೆ ಕಪಿಲೆ ಎತ್ತುಗಳು ಇಳಿಜಾರಿನ ನಡುವೆ ನಿಂತವು.

"ಭಾವಂಗೂ ಹೂಂ ಅಂದ್ಯಾ?"

ಗಾಬರಿಯಲ್ಲಿ ನಿಯಾಜನ ಬಾಯಿಂದ ಅಭ್ಯಾಸಬಲದಿಂದ ಬಂದದ್ದು ಅದೇ. "ಹೂಂ."

ಓಬಳಯ್ಯ ಅವನ ರಟ್ಟೆ ಹಿಡಿದ.

ಬೇವಿನ ಕಟ್ಟೆಗೆ ಬರುವ ಹೊತ್ತಿಗೆ ಇಡೀ ಊರು ಅಲ್ಲಿತ್ತು. ಈ ಕಡೆ ಪಾಲಪ್ಪನವರು, ಆ ಕಡೆ ಓಬಳಯ್ಯನವರು. ಎರಡೂ ಕಡೆಯವರ ಕೈಯಲ್ಲಿ ದೊಣ್ಣೆ. ನಡುವೆ ಕಟ್ಟೆಯ ಮೇಲೆ ನಿಯಾಜ್. ಬಿ.ಎ. ಪರೀಕ್ಷೆಯಲ್ಲಿ ಭಾರತದ ಅಲಿಪ್ತ ನೀತಿಯ ಬಗ್ಗೆ ಅವನು ನಾಲ್ಕು ಪುಟ ಬರೆದು ಒಳ್ಳೆಯ ನಂಬರು ತೆಗೆದಿದ್ದ. ಅಲಿಪ್ತವಾಗಿರಲು ಎರಡು ಬಣಗಳ ನಡುವೆ ನಿಲ್ಲುವಷ್ಟಾದರೂ ಜಾಗ ಬೇಕು ಎಂಬುದನ್ನು ಆ ನಾಲ್ಕು ಪುಟಗಳಲ್ಲಿ ಎಲ್ಲೂ ಬರೆದಿರಲಿಲ್ಲ.

"ಯಾರಿಗೆ ಹೂಂ ಅಂದೆ? ಒಂದು ಮಾತು ಹೇಳ್ಬುಡು," ಎಂದ ಪಾಲಪ್ಪ.

"ಯಜಮಾನ್ರೇ, ದಯವಿಟ್ಟು ಕೇಳಿ. ನಾನು ಗೌರ್ಮೆಂಟಿನೋನಲ್ಲ. ನಾನು ಹೂಂ ಅಂದಿದ್ದು ಹೌದು ಅಂತ ಅಲ್ಲ. ನಿಮ್ಮ ಮಾತು ಕೇಳಿಸ್ತಾ ಇದೆ, ಮುಂದಕ್ಕೆ ಹೇಳಿ ಅಂತ ಅಷ್ಟೇ."

ಕದರಮ್ಮ ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು.

"ಚೆನ್ನಾಗಿ ಹೇಳ್ದೆ ಕಣಪ್ಪ. ನಾಳೆ ನೀನು ಹೆಣ್ಣು ಕೊಡ್ತೀರಾ ಅಂತ ಹೆಣ್ಣಿನ ಅಪ್ಪನ್ನ ಕೇಳಿದಾಗ ಅವನು ಹೂಂ ಅಂದ್ರೆ, ಕೇಳುಸ್ಕೊಂಡೆ ಅಂತಾನಾ? ಅಂಗಾದ್ರೆ ನನ್ನ ರಾಟೆ?"

"ರಾಟೆ ವಿಷಯ ನಾನು ಕೇಳಿಸ್ಕೊಂಡೆ ಅಜ್ಜಿ."

"ಕೇಳುಸ್ಕೊಂಡ್ರೆ ಬಾವಿಯಿಂದ ನೀರು ಬತ್ತದಾ?"

ಜನ ಗೊಳ್ಳೆಂದರು. ಆದರೆ ದೊಣ್ಣೆಗಳು ಕೆಳಗಿಳಿಯಲಿಲ್ಲ. ಇಬ್ಬರಿಗೂ ಹೂಂ ಅಂದು ಊರಿಗೆ ಬೆಂಕಿ ಇಡೋಕೆ ಬಂದವನು ಇವನು, ಕಟ್ಟಿಹಾಕಿ ಎಂದು ಒಬ್ಬ ಕೂಗಿದ. ನಮ್ಮ ಬಗ್ಗೆ ಅವರು ಏನಂದರು ಬಾಯಿಬಿಡಿಸಿ ಎಂದು ಇನ್ನೊಬ್ಬ. ಅದನ್ನು ಕೇಳಿ ಪಾಲಪ್ಪನೂ ಓಬಳಯ್ಯನೂ ಒಟ್ಟಿಗೇ ನೆಲ ನೋಡತೊಡಗಿದರು. ನಿಯಾಜನಿಗೆ ಅತ್ತ ದರಿ, ಇತ್ತ ಪುಲಿ. ಹೇಳಿದರೆ ಜಮೀಲಾ ಇಲ್ಲ, ಹೇಳದಿದ್ದರೆ ಮೂಳೆ ಇಲ್ಲ.

"ಒಬ್ಬರ ಮಾತು ಇನ್ನೊಬ್ಬರಿಗೆ ಹೇಳಂಗಿಲ್ಲ," ಎಂದ ಕ್ಷೀಣವಾಗಿ. "ನಮ್ಮ ಮೇಷ್ಟ್ರ ಕಟ್ಟುನಿಟ್ಟು."

ಆಗ ಅಂಜಿನಮ್ಮ ಗುಂಪನ್ನು ಸರಿಸಿಕೊಂಡು ಬಂದಳು. ಕೈಯಲ್ಲಿ ಮಜ್ಜಿಗೆಯ ಚೊಂಬು ಇನ್ನೂ ಹಾಗೇ ಇತ್ತು.

"ಹೇಳ್ಬ್ಯಾಡ ಬುಡು. ನಾನು ಹೇಳ್ತೀನಿ, ನೀನು ಕೇಳುಸ್ಕೋ. ನಿಜ ಆದ್ರೆ ಹೂಂ ಅನ್ನು, ಸುಳ್ಳಾದ್ರೆ ಸುಮ್ಕಿರು. ಹೂಂ ಅನ್ನಬ್ಯಾಡ ಅಂತ ನಿಮ್ಮ ಮೇಷ್ಟ್ರು ಹೇಳಿಲ್ಲವಲ್ಲ?"

ಹೇಳಿರಲಿಲ್ಲ. ಹೂಂ ಅನ್ನು ಎಂದೇ ಹೇಳಿದ್ದರು. ನಿಯಾಜ್ ಈ ತರ್ಕದಿಂದ ಹೊರಗೆ ಬರುವ ದಾರಿ ಹುಡುಕುತ್ತಿರುವಾಗಲೇ ಅವಳು ಕೇಳಿಬಿಟ್ಟಳು.

"ನನ್ನ ತಮ್ಮ ಗೌರಿ ಹಬ್ಬಕ್ಕೆ ನಂಗೆ ಸೀರೆ ತಂದಿದ್ನಾ?"

ಆ ಹೆಂಗಸಿನ ಮುಖ ನೋಡಿ ನಿಯಾಜನಿಗೆ ತನ್ನ ಭಯವೆಲ್ಲ ಒಂದು ಗಳಿಗೆ ಮರೆತುಹೋಯಿತು. ಎಷ್ಟು ದಿನದಿಂದ ಆ ಪ್ರಶ್ನೆಯನ್ನು ಇಟ್ಟುಕೊಂಡಿದ್ದಳೋ.

"ಹೂಂ," ಎಂದ.

ಅಂಜಿನಮ್ಮ ಕಟ್ಟೆಯ ಮೇಲೆ ಕುಸಿದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, ಬೆಳಿಗ್ಗೆ ಗೋಡೆಯಾಚೆಯಿಂದ ಅರೆಬರೆ ಕಿವಿಗೆ ಬಿದ್ದದ್ದನ್ನು ನೆನೆದು, ಗಂಡನ ಕಡೆ ಬೆರಳು ತೋರಿಸಿ, "ನಮ್ಮ ಯಜಮಾನ್ರು, ಓಬಳಯ್ಯ ನಿಂತ್ರೆ ಊರಿಗೆ ಒಳ್ಳೇದು ಅಂದ್ರಾ?" ಎಂದಳು.

"ಹೂಂ."

"ಅಂದೆ ಕಣೇ, ಏನೀಗ?" ಎಂದು ಗದರಿದ ಪಾಲಪ್ಪ. ಗದರಿದ್ದೇನೋ ಸರಿ, ದನಿ ಮಾತ್ರ ಒಡೆದಿತ್ತು. ಓಬಳಯ್ಯ ದೊಣ್ಣೆ ಬಿಸಾಕಿ ಬಂದು ಭಾವನ ಕಾಲಿಗೆ ಬೀಳಲು ಹೋದ, ಭಾವ ಅವನನ್ನು ಎತ್ತಿ ತಬ್ಬಿಕೊಂಡ. ಎರಡು ಪಾರ್ಟಿಯವರೂ ಕೈಯಲ್ಲಿದ್ದ ದೊಣ್ಣೆಗಳನ್ನು ಏನು ಮಾಡುವುದೆಂದು ತಿಳಿಯದೆ ನಿಂತರು.

ಆಮೇಲೆ ನಡೆದದ್ದು ಬೇಗ ನಡೆಯಿತು. ನೀನು ನಿಲ್ಲು ಭಾವ ಎಂದು ಇವನು, ನೀನೇ ನಿಲ್ಲು ಎಂದು ಅವನು. ಕೊನೆಗೆ ಕದರಮ್ಮ, "ಇಬ್ಬರೂ ಬ್ಯಾಡ. ಅಂಜಿನಮ್ಮ ನಿಂತ್ಕಳ್ಳಿ. ಬಾಯಿ ಬಿಡುಸೋಕೆ ಅವಳಿಗೆ ಬರುತ್ತೆ," ಎಂದು ತೀರ್ಪು ಕೊಟ್ಟಳು. ಊರು ಒಪ್ಪಿತು. ಎಲೆಕ್ಷನ್ನೇ ಇಲ್ಲ, ಅವಿರೋಧ. ಪಾನಕ ಮಾಡಿಸಿದರು. ಕಟ್ಟೆಯ ಮೇಲೆ ನಿಯಾಜನನ್ನು ಕೂರಿಸಿ, ಮಗ, ಸಾಬ್ರೇ, ದೇವರಂಥೋನು ಎಂದು ಬಾಯಿ ತುಂಬ ಕರೆದು ಲೋಟದ ಮೇಲೆ ಲೋಟ ಕುಡಿಸಿದರು. ನಿಯಾಜನಿಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ತಾನು ಒಬ್ಬರ ಮಾತನ್ನೂ ಇನ್ನೊಬ್ಬರಿಗೆ ಹೇಳಿರಲಿಲ್ಲ. ಬರೀ ಹೂಂ ಅಂದಿದ್ದ. ಪ್ರೊಫೆಸರು ಮೆಚ್ಚದೆ ಇರುತ್ತಾರೆಯೇ?

ಸಂಜೆ ಜೀಪು ಧೂಳೆಬ್ಬಿಸುತ್ತ ಬಂದು ನಿಂತಿತು. ಪ್ರೊಫೆಸರ್ ಮಲ್ಲಿಕಾರ್ಜುನಯ್ಯ ಇಳಿದು ಕನ್ನಡಕ ಒರೆಸಿಕೊಂಡು ನೋಡಿದರೆ, ಪಾಲಪ್ಪನೂ ಓಬಳಯ್ಯನೂ ಒಂದೇ ಚಾಪೆಯ ಮೇಲೆ ಕುಳಿತು ಒಬ್ಬರ ಎಲೆಯಡಿಕೆ ಇನ್ನೊಬ್ಬರು ಹಾಕಿಕೊಳ್ಳುತ್ತಿದ್ದರು. ಪ್ರೊಫೆಸರ ಮುಖ ಬಿಳಿಚಿತು.

"ಬನ್ನಿ ಸಾಮಿ," ಎಂದ ಪಾಲಪ್ಪ. "ನಿಮ್ಮ ಹುಡುಗ ಒಂದೇ ದಿನಕ್ಕೆ ಊರಿನ ಎರಡು ಪಾರ್ಟೀನೂ ಒಂದು ಮಾಡ್ಬುಟ್ಟ. ಇಂಥೋನ್ನ ಕೈಬುಡಬ್ಯಾಡಿ."

ಪ್ರೊಫೆಸರು ನಿಯಾಜನನ್ನು ಬೇವಿನ ಮರದ ಹಿಂದಕ್ಕೆ ಕರೆದುಕೊಂಡು ಹೋದರು. "ಏನಯ್ಯ ಇದು? ಮಧುಗಿರಿಯಲ್ಲಿ ಹುಡುಕಿದೆ. ಪಾವಗಡದಲ್ಲಿ ಹುಡುಕಿದೆ. ಒಂದು ಊರಲ್ಲಿ ಒಂದೇ ಪಾರ್ಟಿ, ಇನ್ನೊಂದರಲ್ಲಿ ಪಾರ್ಟಿಯೇ ಇಲ್ಲ. ಎರಡು ಪಾರ್ಟಿ ಸರಿಸಮ ಇದ್ದು, ಒಳಗೊಳಗೇ ಕೊತಕೊತ ಕುದೀತಾ ಇದ್ದ ಊರು ಇದೊಂದೇ ಸಿಕ್ಕಿತ್ತು. ಅದನ್ನ ತಣ್ಣಗೆ ಮಾಡಿ ಪಾನಕ ಕುಡೀತಾ ಕೂತಿದ್ದೀಯಲ್ಲ. ಇನ್ನು ನಾನು ಇಲ್ಲಿ ಏನನ್ನ ಅಧ್ಯಯನ ಮಾಡಲಿ?"

"ನಾನು ಹೂಂ ಅಂದಿದ್ದಷ್ಟೇ ಸಾರ್."

"ಅದನ್ನೂ ನೆಟ್ಟಗೆ ಅನ್ನೋಕೆ ಬರಲಿಲ್ಲ ನಿನಗೆ. ನಾಳೆಯಿಂದ ಬರಬೇಡ."

ನಿಯಾಜ್ ಅಳು ತಡೆದುಕೊಳ್ಳಲು ಮರದ ತೊಗಟೆಯನ್ನು ಕೆರೆಯುತ್ತ ನಿಂತ. ಮರದ ಈ ಕಡೆ ಕಿವಿ ಕೊಟ್ಟು ಕುಳಿತಿದ್ದ ಕದರಮ್ಮ ಅದಷ್ಟನ್ನೂ ಕಟ್ಟೆಗೆ ತಲುಪಿಸಿದಳು. ಕಟ್ಟೆಯ ಮೇಲಿನ ಸಂತೋಷ ಇಳಿದುಹೋಯಿತು. ತಮ್ಮನ್ನು ಒಂದು ಮಾಡಿದವನ ಅನ್ನಕ್ಕೆ ಕಲ್ಲು ಬಿತ್ತಲ್ಲ ಎಂದು ಭಾವ ಮೈದುನ ಇಬ್ಬರೂ ಪೇಚಾಡಿಕೊಂಡರು. ಆಮೇಲೆ ಗುಸುಗುಸು ಮಾತಾಡಿ, ಒಟ್ಟಿಗೆ ಪ್ರೊಫೆಸರ ಮುಂದೆ ಬಂದು ನಿಂತರು.

"ಸಾಮಿ, ನಾವು ಮತ್ತೆ ಜಗಳ ಆಡಿದ್ರೆ ಈ ಹುಡುಗನ ಕೆಲ್ಸ ಉಳೀತದಾ?" ಎಂದ ಓಬಳಯ್ಯ.

"ನಾಟಕ ಆಡಿದ್ರೆ ಆಗಲ್ಲಪ್ಪ. ನಿಜವಾದ ಜಗಳ ಇರಬೇಕು."

"ನಿಜವಾಗೇ ಆಡ್ತೀವಿ ಬುಡಿ. ಭಾವ, ನೀನು ದೊಡ್ಡೋನು. ನೀನೇ ಮೊದ್ಲು ಬಯ್ಯಿ."

ಪಾಲಪ್ಪ ತಲೆ ಕೆರೆದುಕೊಂಡ. "ಏನಂತ ಬಯ್ಯಲ್ಲಾ? ಈಗಷ್ಟೇ ಪಾನಕ ಕುಡಿದಿವ್ನಿ."

"ಷೇಕ್ದಾರ್ರು ಬಂದ ದಿನ ನಿನ್ನ ಕುರ್ಚಿ ಕಿತ್ಕೊಂಡೆ ಅಂತ ಬಯ್ಯಿ. ನಾನು ಕಿತ್ಕೊಳ್ಳಲಿಲ್ಲ, ನೀನೇ ನನ್ನ ತಳ್ಳಿದ್ದು. ಆದ್ರೂ ಈ ಹುಡುಗನಿಗೋಸ್ಕರ ಬಯ್ಸ್ಕೊಂತೀನಿ."

ಪಾ‌ಲಪ್ಪ ಕೆರೆಯುವುದನ್ನು ನಿಲ್ಲಿಸಿದ. "ನಾನು ಎಲ್ಲಲಾ ತಳ್ದೆ? ನಾನು ಕೂತಿದ್ದೆ. ನೀನು ಬಂದು ಅಂಚಿನ ಮೇಲೆ ಕುಂತೆ."

"ಅಂಚಿನ ಮೇಲೆ ಕುಂತಿದ್ದು ನೀನು ಕಣೋ ಭಾವ. ಊರೆಲ್ಲ ನೋಡೈತೆ."

"ಊರಲ್ಲಿ ನಿನ್ನ ಕಡೆಯೋರಿಗೆ ಕಣ್ಣು ಎಲ್ಲಿತ್ಲಾ?"

ಅಷ್ಟು ಸಾಕಾಯಿತು. ತೆಂಕಲ ಬೀದಿಯವರು ತಮ್ಮ ಕಣ್ಣಿಗೇನಾಗಿದೆ ಎಂದು ಎದ್ದರು. ಬಡಗಲ ಬೀದಿಯವರು ಅವರು ಎದ್ದದ್ದಕ್ಕೆ ಎದ್ದರು. ಪಾನಕದ ಕೊಳಗ ಉರುಳಿತು. ಮೂಲೆಗೆ ಒರಗಿಸಿದ್ದ ದೊಣ್ಣೆಗಳು ಅವರವರ ಕೈಗೆ ಮರಳಿದವು. ನಾನು ಅರ್ಜಿ ಹಾಕೇ ಹಾಕ್ತೀನಿ ಎಂದು ಪಾಲಪ್ಪ, ನಾನೂ ಹಾಕ್ತೀನಿ ಎಂದು ಓಬಳಯ್ಯ. ನಡುವೆ ನಿಂತು ಸಮಾಧಾನ ಹೇಳಿ ಹೇಳಿ ಸಾಕಾದ ಅಂಜಿನಮ್ಮ ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹಾಕ್ಕೊಳ್ರಿ. ನಾನೂ ಹಿಂದಕ್ಕೆ ಬರಲ್ಲ. ಊರಿನ ಹೆಂಗಸರ ಓಟೆಲ್ಲ ನಂಗೆ. ಬಾ ಕದರಮ್ಮಜ್ಜಿ."

ಹೆಂಗಸರು ಒಬ್ಬೊಬ್ಬರಾಗಿ ಅವಳ ಹಿಂದೆ ಹೋದರು. ಓಬಳಯ್ಯನ ಹೆಂಡತಿಯೂ ಹೋದಳು.

ಪ್ರೊಫೆಸರ ಕನ್ನಡಕದ ಹಿಂದೆ ಕಣ್ಣುಗಳು ಹೊಳೆಯುತ್ತಿದ್ದವು. "ಮೂರು ಪಾರ್ಟಿ," ಎಂದು ತಮಗೆ ತಾವೇ ಹೇಳಿಕೊಂಡರು. "ಅದರಲ್ಲೂ ಒಂದು ಹೆಂಗಸರದೇ. ಇಂಥದ್ದು ನಾನು ಎಲ್ಲೂ ನೋಡಿಲ್ಲ."

ಹೋದ ಜೀವ ಬಂದಂತಾಗಿ ನಿಯಾಜ್ ಅವರ ಬಳಿಗೆ ಓಡಿದ. ಊರಿನ ಸಂತೋಷ ಹಾಳಾಯಿತಲ್ಲ ಎಂಬ ಸಂಕಟ ಅವನಿಗೆ ಇರಲಿಲ್ಲವೆಂದಲ್ಲ. ಆದರೆ ಹೊಟ್ಟೆಯೊಳಗಿನ ಆಸೆ ಆ ಸಂಕಟಕ್ಕಿಂತ ಮುಂದೆ ಓಡುತ್ತಿತ್ತು.

"ಹಾಗಾದ್ರೆ ಸಾರ್, ನನ್ನ ಆರ್ಡರು?"

"ನಿನಗೆ ಹೇಗೆ ಕೊಡಲಯ್ಯ? ಈ ಜಗಳಕ್ಕೆ ಕಾರಣವೇ ನೀನು. ಎರಡು ಪಾರ್ಟಿ ಒಂದು ಮಾಡಿದವನೂ ನೀನು, ಮೂರು ಮಾಡಿದವನೂ ನೀನು. ಜಗಳದೊಳಗೆ ಇರೋನು ಜಗಳವನ್ನ ಅಧ್ಯಯನ ಮಾಡೋ ಹಾಗಿಲ್ಲ. ನಾಳೆ ಮೈಸೂರಿಂದ ಬೇರೆ ಹುಡುಗನನ್ನ ಕರೆಸ್ತೀನಿ."

"ನಾನೇನು ಮಾಡಲಿ ಸಾರ್?"

ಪ್ರೊಫೆಸರು ತುಂಬ ಅಕ್ಕರೆಯಿಂದ ಅವನ ಹೆಗಲ ಮೇಲೆ ಕೈಯಿಟ್ಟು, ದೊಣ್ಣೆಗಳ ಗದ್ದಲದಿಂದ ದೂರಕ್ಕೆ ಜೀಪಿನ ಬಳಿ ಕರೆದುಕೊಂಡು ಹೋಗಿ ಕೂರಿಸಿದರು. ತಾವೂ ಎದುರಿಗೆ ಕುಳಿತರು.

"ನೀನು ಎಲ್ಲೂ ಹೋಗಬೇಡ. ಈ ಊರಲ್ಲಿ ನಾನು ಮೊದಲು ಕೇಳಬೇಕಾದ್ದು ನಿನ್ನ ಮಾತು. ಆತುರ ಇಲ್ಲ, ನಿನ್ನ ಮಾತಿನಲ್ಲೇ ಹೇಳು. ಕೆಲಸ ಹೋಯಿತು ಅಂದಾಗ ನಿನಗೆ ಒಳಗೆ ಏನನ್ನಿಸಿತು?"